ಬ್ರೆಸ್ನಿತ್ಸಾದಲ್ಲಿ ಹಿಟ್ಟಿದೆ

ಸೋಫಿಯಾ
25 ನವೆಂಬರ್ 1996

ಗೆನಕ್ಕಾ,

ನಿನ್ನ ತಮ್ಮ ಬದುಕಿದ್ದಾನೆ, ಮೂರು ಹೊತ್ತು ಉಣ್ಣುತ್ತಿದ್ದಾನೆ, ಅದರಲ್ಲಿ ಒಂದು ಹೊತ್ತು ಮಾಂಸ. ಈ ಚಳಿಗಾಲದಲ್ಲಿ ಇಷ್ಟು ಹೇಳಿಕೊಳ್ಳುವವರು ಸೋಫಿಯಾದಲ್ಲಿ ಹೆಚ್ಚು ಜನ ಇಲ್ಲ. ಫೋನು ಮಾಡೋಣವೆಂದರೆ ನಿಮ್ಮ ಬೀದಿಯಲ್ಲಿ ಕಳ್ಳರು ತಾಮ್ರದ ಆಸೆಗೆ ತಂತಿಯನ್ನೇ ಕತ್ತರಿಸಿಕೊಂಡು ಹೋಗಿದ್ದಾರಂತೆ. ಆದ್ದರಿಂದ ಈ ಕಾಗದ.

ಶಾಲೆ ಬಿಟ್ಟೆ. ಬೈಯಬೇಡ. ಇಂಗ್ಲಿಷ್ ಮೇಷ್ಟ್ರ ತಿಂಗಳ ಸಂಬಳಕ್ಕೆ ಈಗ ಒಂದು ಜೊತೆ ಬೂಟು ಬರುವುದಿಲ್ಲ. ಹೊರದೇಶದ ಟಿವಿಯವರೊಬ್ಬರ ಹತ್ತಿರ ದುಭಾಷಿಯಾಗಿ ಸೇರಿದ್ದೇನೆ. ಡೆರೆಕ್ ಅಂತ, ನನ್ನ ಯಜಮಾನ. ಒಳ್ಳೆಯ ಮನುಷ್ಯ, ಡಾಲರಿನಲ್ಲಿ ಕೊಡುತ್ತಾನೆ. ಅವನಿಗೆ ರಾಜಧಾನಿ ನೋಡಿ ಬೇಸರ ಬಂದಿದೆ. "ಸಣ್ಣ ಊರು ಬೇಕು, ಸಣ್ಣ ಬೇಕರಿ ಬೇಕು, ಬೆಲೆ ಏರಿದಾಗ ಜನ ಹೇಗೆ ಬದುಕುತ್ತಾರೆ ಅಂತ ತೋರಿಸಬೇಕು" ಅನ್ನುತ್ತಾನೆ. ನನ್ನ ಭಾವನದೇ ಬೇಕರಿ ಇದೆ ಅಂದೆ. ಕುರ್ಚಿಯಿಂದ ಎದ್ದೇ ನಿಂತ.

ನಿಕುಲ್‌ದೆನ್ ಹಬ್ಬದ ದಿನ, ಡಿಸೆಂಬರ್ ಆರಕ್ಕೆ, ಬರುತ್ತೇವೆ. ನಾಲ್ಕು ಜನ. ಹಬ್ಬದ ಮೀನು ಮಾಡಿರು, ಖರ್ಚು ಡೆರೆಕನದು. ತ್ಸೆಕೊ ಭಾವನಿಗೆ ಹೇಳು, ಕ್ಯಾಮೆರಾದ ಮುಂದೆ ಎರಡು ಮಾತಾಡಲು ಅಭ್ಯಾಸ ಮಾಡಿಕೊಳ್ಳಲಿ. ಎರಡೇ ಸಾಕು, ಮೂರನೆಯದು ಅವನಿಂದ ಆಗುವುದೂ ಇಲ್ಲ.

ನಿನ್ನ
ಲ್ಯುಬೆನ್


ಬ್ರೆಸ್ನಿತ್ಸಾ
12 ಡಿಸೆಂಬರ್ 1996

ಲ್ಯುಬೆನ್,

ನೀನು ಮರೆತುಹೋದ ಕೈಗವಸು ಇಲ್ಲಿದೆ. ಡೆರೆಕ್ ಕೊಟ್ಟ ಕಾಫಿಪುಡಿಯನ್ನು ಎತ್ತಿಟ್ಟಿದ್ದೇನೆ. ತ್ಸೆಕೊ ದಿನಕ್ಕೊಮ್ಮೆ ಡಬ್ಬಿ ತೆರೆದು ಮೂಸಿ ಮುಚ್ಚಿಡುತ್ತಾನೆ.

ನಿಮ್ಮ ಟಿವಿಯವರು ಒಳ್ಳೆಯವರೇ ಇರಬಹುದು, ಆದರೆ ಅವರ ಕೆಲಸ ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಾನು ಕಪಾಟು ತುಂಬ ಬ್ರೆಡ್ಡು ಜೋಡಿಸಿದ್ದೆ, ಕಪಾಟಿನ ಗಾಜು ಒರೆಸಿದ್ದೆ. ಆ ಕಡೆ ಕ್ಯಾಮೆರಾ ತಿರುಗಲೇ ಇಲ್ಲ. ಲಾಲ್ಕಜ್ಜಿಯನ್ನು ಕರೆದು ಬಾಗಿಲ ಮುಂದೆ ನಿಲ್ಲಿಸಿದರು. ಅಜ್ಜಿ ಆಗಲೇ ಬ್ರೆಡ್ಡು ತೆಗೆದುಕೊಂಡು ಹೋಗಿಯಾಗಿತ್ತು, ಪಾಪ. ಅವಳು ನಿಂತಿದ್ದನ್ನು ಕಂಡು ಅಂಚೆಯವನ ಹೆಂಡತಿ ಬಂದಳು. "ಏನ್ ಕೊಡ್ತಿದಾರೆ ಅಜ್ಜಿ?" ಅಂದಳು. "ನಂಗೇನ್ ಗೊತ್ತೇ, ನಿಂತ್ಕೋ ಅಂದ್ರು, ನಿಂತಿದೀನಿ" ಅಂದಳು ಅಜ್ಜಿ. ಅವಳೂ ನಿಂತಳು. ಇಬ್ಬರನ್ನು ಕಂಡು ಇನ್ನಿಬ್ಬರು. ಹತ್ತು ನಿಮಿಷದಲ್ಲಿ ಬಸ್‌ಸ್ಟ್ಯಾಂಡಿನ ತನಕ ಸಾಲು. ನಮ್ಮ ಬೇಕರಿಯ ಮುಂದೆ ಈ ವರ್ಷ ಮೊದಲ ಸಾಲು ಅದೇ, ನಿಮ್ಮ ಕ್ಯಾಮೆರಾ ಹೆತ್ತದ್ದು.

ತ್ಸೆಕೊ ನಿಮಗಾಗಿ ಎರಡು ರಾತ್ರಿ ಮಾತು ಬಾಯಿಪಾಠ ಮಾಡಿದ್ದ. ಹಿಟ್ಟು ನಾದುವ ಯಂತ್ರ ಆರಿಸಬೇಡಿ, ಓಡುತ್ತಿರಲಿ, ಚೆನ್ನಾಗಿ ಕಾಣುತ್ತದೆ ಅಂದರಂತೆ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ. ಕೊನೆಗೆ ನೀನು "ಹಿಟ್ಟಿದೆಯಾ ಭಾವಾ?" ಅಂತ ಕೂಗಿದಾಗ ಸುಮ್ಮನೆ ಅತ್ತ ಇತ್ತ ತಲೆಯಾಡಿಸಿ ಹೌದೆಂದ. ಅಷ್ಟಕ್ಕೇ ಡೆರೆಕನ ಮುಖ ಹೆಣ ಕಂಡವರ ಹಾಗೆ ಆಯಿತು. ಇದೆ ಅಂದರೆ ಯಾಕಯ್ಯಾ ಅಳು?

ಬೆಲೆಯ ಹಲಗೆಯನ್ನು ಈಗ ದಿನಕ್ಕೆರಡು ಸಲ ಒರೆಸಿ ಬರೆಯುತ್ತಿದ್ದೇನೆ. ಆದರೂ ಒಲೆ ಉರಿಯುತ್ತಿದೆ. ಗಿರಣಿಯ ಗೆರ್ಗೊವ್ ತ್ಸೆಕೊನ ಮುಖ ನೋಡಿ ವಾರದ ಮಟ್ಟಿಗೆ ಹಿಟ್ಟನ್ನು ಕಡ ಕೊಡುತ್ತಾನೆ. ಆ ಒಂದು ನಂಬಿಕೆಯ ಮೇಲೆ ಊರು ಉಣ್ಣುತ್ತಿದೆ.

ಅಕ್ಕ
ಗೆನಾ


ಸೋಫಿಯಾ
22 ಡಿಸೆಂಬರ್ 1996

ಅಕ್ಕಾ,

ಪ್ರಸಾರವಾಯಿತು! ಹೋಟೆಲಿನಲ್ಲಿ ಟೇಪು ಹಾಕಿ ತೋರಿಸಿದರು. ನಾಲ್ಕು ನಿಮಿಷ. ನಮ್ಮ ಇಡೀ ದೇಶ ನಾಲ್ಕು ನಿಮಿಷಕ್ಕೆ ಮುಗಿಯಿತು, ಅದರಲ್ಲಿ ಅರ್ಧ ಲಾಲ್ಕಜ್ಜಿಯೇ. ಅವಳ ಮುಖದ ಒಂದೊಂದು ಸುಕ್ಕನ್ನೂ ಬಿಡದೆ ತೆಗೆದಿದ್ದಾರೆ. ಹೊರಗಿನವರಿಗೆ ನಾವೆಂದರೆ ಎರಡೇ ಚಿತ್ರ, ಒಂದು ಮುದುಕಿ ಮತ್ತು ಒಂದು ಸಾಲು. ಡೆರೆಕನಿಗೆ ಮೇಲಿನವರು ಭೇಷ್ ಅಂದಿದ್ದಾರೆ.

ಒಂದು ತಮಾಷೆ ಕೇಳು. ಭಾವ ತಲೆಯಾಡಿಸಿದನಲ್ಲ, ಅವರ ನಾಡಿನಲ್ಲಿ ಹಾಗೆ ಅತ್ತ ಇತ್ತ ಆಡಿಸಿದರೆ 'ಇಲ್ಲ' ಅಂತ! ನಾವು ಇಲ್ಲ ಅನ್ನಲು ಗದ್ದ ಎತ್ತುತ್ತೇವಲ್ಲ, ಅದು ಅವರಿಗೆ ಹೌದು. ಎಂಥ ತಲೆಕೆಳಗು ಜನ ನೋಡು. ಅಲ್ಲಿ ಕುಳಿತು ಟೇಪು ಜೋಡಿಸಿದವನಿಗೆ ಯಂತ್ರದ ಸದ್ದು ಬಿಟ್ಟು ಬೇರೇನೂ ಕೇಳಿಲ್ಲ, ತಲೆ ಮಾತ್ರ ಕಂಡಿದೆ. "ಹಿಟ್ಟು ಉಳಿದಿದೆಯೇ ಎಂದರೆ ಬೇಕರಿಯವನು ಮೌನವಾಗಿ ಇಲ್ಲವೆಂದು ತಲೆಯಾಡಿಸುತ್ತಾನೆ" ಎಂದು ಹೇಳಿಸಿ, ಹಿಂದೆ ಪಿಟೀಲು ಬಾರಿಸಿದ್ದಾನೆ. ಡೆರೆಕನಿಗೆ ಹೇಳಿದೆ. "ಅಯ್ಯೋ ಹೌದೇನೋ!" ಅಂತ ನಕ್ಕ. ನಾನೂ ನಕ್ಕೆ. ಬ್ರೆಸ್ನಿತ್ಸಾ ಎಲ್ಲಿದೆಯೆಂದು ಅಲ್ಲಿ ಯಾರಿಗೆ ಗೊತ್ತು?

ಯಾರೋ ಪುಣ್ಯಾತ್ಗಿತ್ತಿ 'ಆ ದುಃಖಿ ಬೇಕರಿಯವನಿಗೆ' ಎಂದು ಬರೆದು ಒಂದು ಪಾರ್ಸೆಲು ಕಳಿಸಿದ್ದಾಳೆ. ಉಣ್ಣೆಯ ಟೋಪಿ, ಆರು ಡಬ್ಬಿ ಮೀನು. ಬಸ್ಸಿನವನ ಕೈಲಿ ಕೊಟ್ಟಿದ್ದೇನೆ.

ಅದೇ ವಾರ ನಮ್ಮ ನಾಣ್ಯ ಲೆವ ಇನ್ನೂ ಕುಸಿಯಿತು. ಇಂಥ ವರದಿ ನೋಡಿಯೇ ದುಡ್ಡಿನವರು ಓಡುತ್ತಾರೆ ಅನ್ನುತ್ತಾರೆ ಕೆಲವರು. ಅವರು ಓಡುವುದರಿಂದ ಇಂಥ ವರದಿ ಬರುತ್ತದೆ ಅನ್ನುತ್ತಾನೆ ಡೆರೆಕ್. ಕೋಳಿ ಮೊದಲೋ ಮೊಟ್ಟೆ ಮೊದಲೋ, ಎರಡೂ ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ.

ಲ್ಯುಬೆನ್


ಬ್ರೆಸ್ನಿತ್ಸಾ
12 ಜನವರಿ 1997

ಲ್ಯುಬೆನ್,

ನಿನ್ನ ತಮಾಷೆ ನಮ್ಮ ಮನೆಗೆ ಬಂತು.

ಕ್ರಿಸ್‌ಮಸ್ ಹಬ್ಬದ ಹಿಂದಿನ ಸಂಜೆ ನಮ್ಮ ದೇಶದ್ದೇ ಟಿವಿಯೊಂದು ನಿಮ್ಮ ಚಿತ್ರವನ್ನು ಕೊಂಡು ತಂದು ತೋರಿಸಿತು. 'ಹೊರಗಿನವರು ನಮ್ಮನ್ನು ಹೇಗೆ ಕಾಣುತ್ತಾರೆ' ಎಂದು ಹೆಸರಿಟ್ಟಿದ್ದರು. ಅವರ ಇಂಗ್ಲಿಷನ್ನು ಇಲ್ಲಿ ಕುಳಿತವರು ಯಾರೋ ಬಲ್ಗೇರಿಯನ್ನಿಗೆ ತಿರುಗಿಸಿ ಓದಿದರು. "ಹಿಟ್ಟು ಮುಗಿಯಿತೇ ಎಂದರೆ ಬೇಕರಿಯವನು ಹೌದೆಂದು ತಲೆಯಾಡಿಸುತ್ತಾನೆ." ಕೇಳಿದೆಯಾ? ಅಲ್ಲಿಯವರು ತಲೆಯನ್ನು ತಪ್ಪಾಗಿ ಓದಿದರು, ಇಲ್ಲಿಯವರು ಪ್ರಶ್ನೆಯನ್ನೇ ತಿರುಗಿಸಿ ಅವರ ತಪ್ಪಿಗೆ ನಮ್ಮ ತಲೆಯನ್ನು ಹೊಂದಿಸಿದರು. ಎರಡು ತಪ್ಪು ಕೂಡಿ ಅಚ್ಚುಕಟ್ಟಾದ ಒಂದು ನಿಜದ ಹಾಗೆ ಕಾಣುತ್ತಿತ್ತು. ನನ್ನ ಗಂಡ ಅತ್ತ ಇತ್ತ ತಲೆಯಾಡಿಸಿ, ಹೌದು, ಮುಗಿಯಿತು ಅನ್ನುತ್ತಿದ್ದಾನೆ. ಒಂದು ಕ್ಷಣ ನಾನೇ ನಂಬಿದೆ, ನಾನು!

ಮರುದಿನ ಬೆಳಿಗ್ಗೆ ಬ್ರೆಡ್ಡು ಕೊಳ್ಳಲು ಬಂದವರೇ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಾರೆ, "ಮುಗ್ದೋಯ್ತಂತಲ್ಲ ತ್ಸೆಕೊ?"

"ನಿಮ್ ಕೈಲಿ ಇರೋದೇನು?" ಅಂದೆ ನಾನು.

"ಇದು ಇವತ್ತಿಂದು ಗೆನಾ. ನಾಳೆಗೆ ಎಲ್ಲಿ ಬಚ್ಚಿಟ್ಟಿದೀರಾ ಅಂತ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹೊರಗಿನವರ ಮುಂದೆ ಮುಗಿಯಿತು ಅಂದು, ಒಳಗೆ ಮೂಟೆ ಬಚ್ಚಿಟ್ಟು, ಬೆಲೆ ಏರಲೆಂದು ಕಾಯುತ್ತಿದ್ದಾನೆ ತ್ಸೆಕೊ ಎಂದು ಊರಲ್ಲಿ ಮಾತು. ಒಂದಕ್ಕೆ ನಾಲ್ಕು ಕೊಳ್ಳತೊಡಗಿದರು. ಮಧ್ಯಾಹ್ನಕ್ಕೆ ಕಪಾಟು ಖಾಲಿ. ಖಾಲಿ ಕಪಾಟು ಕಂಡ ಮೇಲೆ ಕೇಳಬೇಕೆ?

ಇಷ್ಟಾದರೆ ಸಹಿಸುತ್ತಿದ್ದೆ. ಸೋಮವಾರ ತ್ಸೆಕೊ ಗಿರಣಿಗೆ ಹೋದರೆ ಗೆರ್ಗೊವ್ ಕುರ್ಚಿ ಕೊಡಲಿಲ್ಲ. "ಟೀವೀಲಿ ನೀನೇ ಮುಗೀತು ಅಂದ್ಯಲ್ಲಪ್ಪಾ. ಮುಳುಗೋ ಬೇಕರಿಗೆ ನಾನ್ಯಾಕೆ ಕಡ ಕೊಡ್ಲಿ? ಡಾಲರ್ ತಗೊಂಬಾ, ಮೂಟೆ ತಗೊಂಡ್ಹೋಗು" ಅಂದನಂತೆ. ಇಪ್ಪತ್ತು ವರ್ಷದ ನಂಬಿಕೆ, ಲ್ಯುಬೆನ್. ನಿಮ್ಮ ಟಿವಿಯಲ್ಲಿ ಅದು ಮೂರು ಸೆಕೆಂಡಾದರೂ ಇತ್ತೋ ಇಲ್ಲವೋ.

ಉಗ್ರಾಣದಲ್ಲಿ ಇರುವುದು ಒಂದು ತಿಂಗಳಿಗೆ ಸಾಲದು. ನಿನ್ನಿಂದ ಒಂದೇ ಒಂದು ಉಪಕಾರ ಆಗಬೇಕು. ಅದೇ ಟಿವಿಯಲ್ಲಿ, ಅದೇ ಹೊತ್ತಿನಲ್ಲಿ, ಬ್ರೆಸ್ನಿತ್ಸಾದ ಬೇಕರಿಯಲ್ಲಿ ಹಿಟ್ಟಿದೆ ಎಂದು ಹೇಳಿಸು. ಇದೆ ಎಂದು ಅವನು ಹೇಳಿದ್ದ, ಅದನ್ನು ಹೇಳಿಸು. ಗೆರ್ಗೊವ್ ಅದನ್ನು ಕೇಳಿದರೆ ಸಾಕು.

ತ್ಸೆಕೊ ಹೀಗೆ ಬರೆಯಬೇಡ ಅನ್ನುತ್ತಿದ್ದಾನೆ. ಹುಡುಗನಿಗೆ ಕೆಲಸ ಹೋದೀತು ಅಂತ ಅವನ ಚಿಂತೆ.

ಗೆನಾ


ಸೋಫಿಯಾ
20 ಜನವರಿ 1997

ಗೆನಕ್ಕಾ,

ನಿನ್ನ ಕಾಗದ ಓದಿದೆ. ಆದರೆ ಇಲ್ಲಿಯ ಪರಿಸ್ಥಿತಿ ನಿನಗೆ ತಿಳಿಯದು. ಸರ್ಕಾರ ಇಳಿಯಲೆಂದು ದಿನವೂ ಬೀದಿ ತುಂಬ ಜನ, ಪಾತ್ರೆ ಬಡಿಯುತ್ತಾರೆ, ಪೀಪಿ ಊದುತ್ತಾರೆ. ಬೆಳಗಾದರೆ ಡೆರೆಕನ ಹಿಂದೆ ಓಡಬೇಕು. ಬೂಟಿನೊಳಗೆ ಹಿಮ ಕರಗಿ ಕಾಲು ನೆಂದುಹೋಗಿರುತ್ತದೆ.

ಆ ಟಿವಿಯವರ ಕಚೇರಿಗೆ ಹೋಗಿದ್ದೆ. ಒಬ್ಬ ಹುಡುಗಿ ಕುಳಿತಿದ್ದಳು. ವಿಷಯ ಹೇಳಿದೆ.

"ಹಿಟ್ಟಿಲ್ಲ ಅನ್ನೋದು ಸುದ್ದಿ ಸಾರ್," ಅಂದಳು. "ಹಿಟ್ಟಿದೆ ಅನ್ನೋದು ಸುದ್ದಿನಾ?"

ಎದ್ದು ಬಂದೆ. ಇನ್ನೊಂದೆರಡು ವಾರದಲ್ಲಿ ಜನ ಮರೆಯುತ್ತಾರೆ ಬಿಡು. ಊರ ಬಾಯಿ ಗೊತ್ತಲ್ಲ, ಹೊಸದು ಸಿಕ್ಕರೆ ಹಳೆಯದನ್ನು ಉಗುಳುತ್ತದೆ. ಗೆರ್ಗೊವ್‌ಗೆ ಕೊಡಲು ಸ್ವಲ್ಪ ಡಾಲರು ಇದರೊಂದಿಗೆ ಇಟ್ಟಿದ್ದೇನೆ. ಭಾವ ಬೇಡ ಅಂದರೆ ನಾನು ಕೊಟ್ಟದ್ದು ಅನ್ನಬೇಡ, ಪಾರ್ಸೆಲಿನವಳು ಕಳಿಸಿದಳು ಅನ್ನು.

ಲ್ಯುಬೆನ್


ಬ್ರೆಸ್ನಿತ್ಸಾ
28 ಜನವರಿ 1997

ಲ್ಯುಬೆನ್,

ಡಾಲರು ಬರಲಿಲ್ಲ. ಲಕೋಟೆಯ ಒಂದು ಬದಿ ನೀಟಾಗಿ ತೆರೆದು ಅಂಟಿಸಿತ್ತು. ಕಾಗದ ಮಾತ್ರ ಬಂತು, ನಿನ್ನ ಬುದ್ಧಿವಾದದ ಸಮೇತ.

ಜನ ಮರೆಯುತ್ತಾರೆ ಅಂದೆಯಲ್ಲ. ಭಾನುವಾರ ಇಗರ್ಜಿಯಲ್ಲಿ ತ್ಸೆಕೊ ಮೇಣದಬತ್ತಿ ಹಚ್ಚಲು ಹೋದರೆ ಪಕ್ಕದವಳು ತನ್ನ ಬತ್ತಿಯನ್ನು ಕಿತ್ತು ಆ ಕಡೆ ನೆಟ್ಟಳು. ಅಂಗಡಿಯ ಗಾಜಿಗೆ ಯಾರೋ ಕಲ್ಲು ಹೊಡೆದರು. ರಟ್ಟು ಹಚ್ಚಿದ್ದೇವೆ. ನಿನ್ನ ಭಾವನ ಸ್ವಭಾವ ನಿನಗೆ ಗೊತ್ತು, ಬೈದವರಿಗೂ ಬಿಸಿ ಬ್ರೆಡ್ಡು ಆರಿಸಿ ಕೊಡುವವನು. ಈಗ ಗಿರಾಕಿ ಬಂದರೆ ಒಳಗೆ ಹೋಗುತ್ತಾನೆ. ಯಾರಾದರೂ ಏನಾದರೂ ಕೇಳಿದರೆ ತಲೆಯನ್ನು ಕಲ್ಲಿನ ಹಾಗೆ ನೆಟ್ಟಗೆ ಹಿಡಿದು ನಿಂತುಬಿಡುತ್ತಾನೆ. ನನ್ನ ಹತ್ತಿರ ಕೂಡ. ಸಾರಿಗೆ ಉಪ್ಪು ಸಾಕಾ ಅಂದರೂ ಹೌದಿಲ್ಲ, ಇಲ್ಲವಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ ಈಗ ತನ್ನ ಕುತ್ತಿಗೆಗೇ ಹೆದರುತ್ತಿದ್ದಾನೆ.

ಹಿಟ್ಟಿಗೆ ತೌಡು ಬೆರೆಸುತ್ತಿದ್ದೇವೆ. ಆಮೇಲೆ ಮೆಕ್ಕೆಜೋಳ. ಲಾಲ್ಕಜ್ಜಿ ಮತ್ತು ಇನ್ನೆರಡು ಮನೆಯವರು ತಮ್ಮದೇ ಗೋಧಿ ಬೀಸಿಸಿ ನಮ್ಮಲ್ಲಿಟ್ಟು, ಬೇಕಾದಾಗ ಸುಡಿಸಿಕೊಂಡು ಹೋಗುತ್ತಿದ್ದಾರೆ. ಆ ಮೂಟೆ ಹಿತ್ತಲ ಬಾಗಿಲಿಂದ ಒಳಗೆ ಬರುವುದನ್ನು ಕಂಡವರು ಏನಂದುಕೊಂಡರೆಂದು ನಿನಗೆ ಬೇರೆ ಹೇಳಬೇಕೆ?

ನಿನ್ನನ್ನು ಎತ್ತಿ ಆಡಿಸಿದ ಅಕ್ಕ ನಾನು, ನಿನ್ನ ಹತ್ತಿರ ಎಂದೂ ಏನನ್ನೂ ಬೇಡಿದವಳಲ್ಲ. ಈಗ ಬೇಡುತ್ತಿದ್ದೇನೆ. ಆ ಒಂದು ಮಾತು ಹೇಳಿಸು. ಆ ಹುಡುಗಿಯ ಕಾಲು ಹಿಡಿ. ಅವಳ ಮೇಲಿನವರ ಕಾಲು ಹಿಡಿ. ಹೇಳಿಸದೆ ನನಗೆ ಕಾಗದ ಬರೆಯಬೇಡ.

ಗೆನಾ


ಬ್ರೆಸ್ನಿತ್ಸಾ
9 ಫೆಬ್ರವರಿ 1997

ಲ್ಯುಬೆನ್,

ಹೋದ ಸಲ ಕಟುವಾಗಿ ಬರೆದೆ. ಅಕ್ಕನಾದವಳು ಬೈಯದೆ ಇನ್ಯಾರು ಬೈಯಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹಿಟ್ಟು ಮುಗಿಯಿತು. ಈಗ ನಿಜವಾಗಿ ಮುಗಿಯಿತು. ಮುಗಿಯಿತು ಎಂದು ಟಿವಿ ಮೊದಲು ಹೇಳಿತು, ಆಮೇಲೆ ಹಿಟ್ಟು ಅದರ ಮಾತು ಕೇಳಿತು. ಶುಕ್ರವಾರ ಒಲೆ ಆರಿಸಿದೆವು. ಮದುವೆಯಾಗಿ ಬಂದಾಗಿನಿಂದ ಆ ಒಲೆ ತಣ್ಣಗಾದದ್ದನ್ನು ನಾನು ಕಂಡಿರಲಿಲ್ಲ. ಮೂರು ಮನೆಯವರ ಮೂಟೆ ಹಿಂದೆ ಇದೆ, ಅದು ಅವರದು, ಅದರಲ್ಲಿ ನಾವು ಒಂದು ಹಿಡಿ ಮುಟ್ಟಿಲ್ಲ.

ವಿಚಿತ್ರವೆಂದರೆ ಊರು ಈಗ ತಣ್ಣಗಾಗಿದೆ. ಇವರ ಹತ್ತಿರ ನಿಜಕ್ಕೂ ಇಲ್ಲ, ಇವರೂ ನಮ್ಮ ಹಾಗೇ ಅಂತ ಅಂದುಕೊಂಡಿರಬೇಕು. ನಿನ್ನೆ ಅಂಚೆಯವನ ಹೆಂಡತಿ ಕೋಸಿನ ಉಪ್ಪಿನಕಾಯಿ ತಂದುಕೊಟ್ಟಳು. ತ್ಸೆಕೊ ಅವಳೊಡನೆ ಎರಡು ಮಾತಾಡಿದ.

ಆದ್ದರಿಂದ ನಾನು ಕೇಳಿದ್ದನ್ನು ಈಗ ಮಾಡಬೇಡ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ಈಗ ಇದೆ ಅಂದರೆ ಅದು ಸುಳ್ಳಾಗುತ್ತದೆ, ಸುಳ್ಳಿಗಿಂತ ಕೆಟ್ಟದ್ದೇ ಆಗುತ್ತದೆ. ಪಕ್ಕದ ಪಟ್ಟಣ ವ್ರಾತ್ಸಾದಲ್ಲಿ ಕೂಡ ಬ್ರೆಡ್ಡಿಲ್ಲವಂತೆ. ಸುಮ್ಮನಿರು. ನಮ್ಮ ಹೆಸರನ್ನು ಯಾರೂ ಎತ್ತದೆ ಇದ್ದರೆ ಸಾಕು, ನಾವು ಹೇಗೋ ಈ ಚಳಿ ದಾಟುತ್ತೇವೆ.

ಅಕ್ಕ
ಗೆನಾ


ಸೋಫಿಯಾ
10 ಫೆಬ್ರವರಿ 1997

ಗೆನಕ್ಕಾ, ಅಕ್ಕಾ, ಅಕ್ಕಾ!

ಹೇಳಿಸದೆ ಕಾಗದ ಬರೆಯಬೇಡ ಅಂದೆ. ಇಗೋ ಬರೆಯುತ್ತಿದ್ದೇನೆ!

ಆ ಹುಡುಗಿಯ ಮೇಲಿನವನ ಮನೆ ಬಾಗಿಲಲ್ಲಿ ನಿಂತೆ. ಬೈದ, ನಿಂತೆ. ಕೊನೆಗೆ ಡೆರೆಕನನ್ನೇ ಎಳೆದುಕೊಂಡು ಹೋದೆ. ನಾನು ಬಲ್ಲ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಅವನನ್ನು ಒಪ್ಪಿಸಿದ್ದೆ. ಅವನು ಬಂದು, "ತಪ್ಪು ನಮ್ಮದು, ಆ ಮನುಷ್ಯ ಸತ್ಯ ಹೇಳಿದ್ದ" ಅಂದ. ಹೊರದೇಶದವನ ಬಾಯಿಂದ ಬಂದದ್ದೇ ತಡ, ಇದು ಸುದ್ದಿಯಾಯಿತು.

ಗುರುವಾರ ಸಂಜೆಯ ಸುದ್ದಿಯಲ್ಲಿ ಬರುತ್ತದೆ. ಅಂದು ತೋರಿಸದೆ ಬಿಟ್ಟಿದ್ದ ಚಿತ್ರವೆಲ್ಲ ಡೆರೆಕನ ಟೇಪಿನಲ್ಲಿ ಇತ್ತು. ನೀನು ಗಾಜು ಒರೆಸಿ ಜೋಡಿಸಿದ ಕಪಾಟು ಕೂಡ, ಒಂದು ಮೂಲೆಯಲ್ಲಿ ಸಿಕ್ಕಿದೆ ಅಕ್ಕಾ! ಅದನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಊರ ಹೆಸರು, ಬೇಕರಿಯ ಫಲಕ, ಭಾವನ ಮುಖ. "ಬ್ರೆಸ್ನಿತ್ಸಾದಲ್ಲಿ ಹಿಟ್ಟಿದೆ" ಎಂದೇ ಶುರು, ನಾನೇ ಬರೆದುಕೊಟ್ಟ ಸಾಲು. ದೇಶವೆಲ್ಲ ಹಸಿದಿರುವಾಗ ಒಬ್ಬ ಪ್ರಾಮಾಣಿಕ ಬೇಕರಿಯವನ ಕಥೆ ಅಂತ ಅವರಿಗೂ ಖುಷಿ.

ಗೆರ್ಗೊವ್ ಕಣ್ಣು ತುಂಬ ನೋಡಲಿ. ಶುಕ್ರವಾರ ವೈನಿನ ಸಂತ ತ್ರಿಫೋನನ ಹಬ್ಬ, ಭಾವನಿಗೆ ನನ್ನ ಹೆಸರಿನಲ್ಲಿ ಒಂದು ಲೋಟ ವೈನ್ ಹೆಚ್ಚು ಕೊಡು.

ನಿನ್ನ ತಮ್ಮ, ಈ ಸಲ ತಲೆಯೆತ್ತಿ,
ಲ್ಯುಬೆನ್


ಸೋಫಿಯಾ
14 ಫೆಬ್ರವರಿ 1997

ಅಕ್ಕಾ,

ನೀನು ಒಂಬತ್ತರಂದು ಬರೆದದ್ದು ಈಗಷ್ಟೇ, ಮಧ್ಯಾಹ್ನ ಬಂತು.

ನಿನ್ನೆ ಸಂಜೆ ಪ್ರಸಾರವಾಯಿತು. ಚೆನ್ನಾಗಿ ಬಂತು. ದೇವರೇ, ಅಷ್ಟು ಚೆನ್ನಾಗಿ ಬರಬಾರದಿತ್ತು.

ತಂತಿ ಕಳಿಸಿದ್ದೇನೆ. ಬಾಗಿಲು ಹಾಕಿಕೊಳ್ಳಿ, ಇಬ್ಬರೂ ಲಾಲ್ಕಜ್ಜಿಯ ಮನೆಗೆ ಹೋಗಿ. ಅಂಚೆ ಕಚೇರಿಯ ಫೋನಿಗೆ ಆರು ಸಲ ಮಾಡಿದೆ, ಯಾರೂ ಎತ್ತುತ್ತಿಲ್ಲ. ಇವತ್ತಿನ ಬಸ್ಸು ಹೋಗಿದೆ, ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಬಹುಶಃ ಈ ಕಾಗದಕ್ಕಿಂತ ಮೊದಲು ನಾನೇ ಬರುತ್ತೇನೆ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ.

ಯಾರೂ ನೋಡಿರಲಿಕ್ಕಿಲ್ಲ. ಹಬ್ಬದ ಹಿಂದಿನ ದಿನ ಯಾರು ಟಿವಿ ನೋಡುತ್ತಾರೆ?

ಲ್ಯುಬೆನ್


ಸೋಫಿಯಾ
4 ಮಾರ್ಚ್ 1997

ಅಕ್ಕಾ,

ಭಾವನನ್ನು ಮಣ್ಣು ಮಾಡಿದ ದಿನ ಎಲ್ಲರಿಗೂ ಕೊಟ್ಟ ಹಾಗೆ ನನಗೂ ಬೇಯಿಸಿದ ಗೋಧಿ ಕೊಟ್ಟೆ. ನಿನ್ನ ಕೈ ನನ್ನ ಕೈಗೆ ತಾಗಿತು. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಬರೆಯಬೇಕೆಂದು ಕುಳಿತು ಹರಿದು ಹಾಕಿದ್ದೇ ಆಯಿತು.

ಒಡೆದ ಬೇಕರಿಯ ಚಿತ್ರ ಬೇಕೆಂದು ಡೆರೆಕ್ ಕೇಳಿದ. ಅತ್ತುಕೊಂಡೇ ಕೇಳಿದ. ಅವನ ಕೆಲಸ ಬಿಟ್ಟೆ. ಈಗ ಗೋದಾಮೊಂದರಲ್ಲಿ ಪೆಟ್ಟಿಗೆ ಇಳಿಸುತ್ತೇನೆ, ರಜೆ ಕೊಡುವುದಿಲ್ಲ.

ಬರುವ ಭಾನುವಾರ ಕ್ಷಮೆ ಕೇಳುವ ಹಬ್ಬ. ಕಿರಿಯರು ಹಿರಿಯರ ಮನೆಗೆ ಹೋಗಿ ಕೈಗೆ ಮುತ್ತಿಟ್ಟು ಕೇಳಬೇಕು. ನನಗಿಂತ ಹಿರಿಯಳೆಂದು ನನಗೆ ಉಳಿದಿರುವವಳು ನೀನೊಬ್ಬಳೇ. ಬರಲಾಗದೆ ಕಾಗದದಲ್ಲಿ ಕೇಳುತ್ತಿದ್ದೇನೆ. ಕ್ಷಮಿಸು ಅಕ್ಕಾ. ಭಾವನ ನಲವತ್ತನೆಯ ದಿನಕ್ಕಾದರೂ ಬರಲೇ? ಬಾ ಅಂದರೆ ಗೋದಾಮಿನವರಿಗೆ ಹೇಳದೆಯೇ ಹೊರಟುಬರುತ್ತೇನೆ.

ಲ್ಯುಬೆನ್


ಬ್ರೆಸ್ನಿತ್ಸಾ
9 ಮಾರ್ಚ್ 1997, ಭಾನುವಾರ

ಲ್ಯುಬೆನ್,

ಅಂದು ಏನು ನಡೆಯಿತೆಂದು ನೀನು ಊರವರ ಬಾಯಲ್ಲಿ ಕೇಳಿರುತ್ತೀ. ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಿನಗೆ ಹೇಳುತ್ತೇನೆ.

ನಿನ್ನ ಸುದ್ದಿಯನ್ನು ನಾವೂ ನೋಡಿದೆವು. ಕಪಾಟು ಬಂದಾಗ ತ್ಸೆಕೊ ನನ್ನ ಬೆನ್ನು ತಟ್ಟಿದ. ಸುದ್ದಿ ಮುಗಿದ ಮೇಲೆ ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದ. ಬೆಳಿಗ್ಗೆ ವ್ರಾತ್ಸಾದಿಂದ ಬಂದ ಬಸ್ಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಆಮೇಲೆ ಕಾರುಗಳು, ಕುದುರೆಗಾಡಿಗಳು. ಸುತ್ತಲ ಹಳ್ಳಿಯವರೆಲ್ಲ ಖಾಲಿ ಚೀಲ ಹಿಡಿದು ಬಂದಿದ್ದರು. ಹಬ್ಬವಾದ್ದರಿಂದ ಗಂಡಸರು ಆಗಲೇ ಕುಡಿದಿದ್ದರು. ನಮ್ಮೂರಿನವರೂ ಸೇರಿದರು, ಟಿವಿ ಇದೆ ಅಂದ ಮೇಲೆ ತಮಗೇ ಮೋಸವಾಯಿತೆಂದು ಅವರ ಸಿಟ್ಟು ಎಲ್ಲರಿಗಿಂತ ಹೆಚ್ಚು.

"ಬಾಗ್ಲು ತೆಗೀತೀನಿ" ಅಂದ ತ್ಸೆಕೊ.

"ತಲೆ ಕೆಟ್ಟಿದೆಯಾ ನಿಂಗೆ? ಬೇಡ" ಅಂದೆ.

"ಒಳಗೆ ಬಂದು ಕಣ್ಣಾರೆ ನೋಡ್ಲಿ ಬಿಡು ಗೆನಾ. ನೋಡಿದ್ಮೇಲಾದ್ರೂ ನಂಬ್ತಾರೆ. ಇನ್ನೂ ಎಷ್ಟ್ ದಿನ ಅಂತ?"

ತೆಗೆದ. "ಬನ್ರಪ್ಪಾ, ನೋಡಿ, ಏನೂ ಇಲ್ಲ" ಅಂದ. ಎರಡು ತಿಂಗಳಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ. ಮುಂದಿದ್ದವರು ಬಂದರು, ತಣ್ಣಗಿನ ಒಲೆ ಮುಟ್ಟಿ ನೋಡಿದರು. ಒಬ್ಬ ಹಿಂದಿನ ಕೋಣೆಗೆ ಹೋಗಿ ಲಾಲ್ಕಜ್ಜಿಯ ಮೂಟೆ ಕಂಡ. "ಮತ್ತೆ ಇದೇನಲೇ, ನಿಮ್ಮಪ್ಪನ ಬೂದಿನಾ?" ಅಂತ ಕೂಗಿದ. ಅದು ಹೊರಗಿನವರಿಗೆ ಕೇಳಿದ್ದೇ ಹಿಂದಿನಿಂದ ನೂಕಿದರು. "ಅಜ್ಜೀದು ಅದು, ಅಜ್ಜೀದು!" ಅನ್ನುತ್ತ ತ್ಸೆಕೊ ಮೂಟೆಗೆ ಅಡ್ಡ ಹೋದ. ಬಿದ್ದ. ನಾನು ಗಲ್ಲಾದ ಹಿಂದೆ ಸಿಕ್ಕಿಕೊಂಡಿದ್ದೆ. ಅವನ ಮೇಲೆ ಹಾದವರಿಗೆ ಮನುಷ್ಯನ ಮೇಲೆ ಹಾಯುತ್ತಿದ್ದೇವೆಂದು ಗೊತ್ತಿತ್ತೋ ಇಲ್ಲವೋ. ಮೂಟೆ ಹರಿದು ಗಾಳಿಯೆಲ್ಲ ಬೆಳ್ಳಗಾಗಿತ್ತು. ಅಷ್ಟೂ ಹಿಟ್ಟು ನೆಲದ ಪಾಲಾಯಿತು, ಒಬ್ಬರ ಚೀಲವೂ ತುಂಬಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎಚ್ಚರ ಇತ್ತು. "ಅಜ್ಜಿ ಹಿಟ್ಟು ಎಷ್ಟು ಉಳೀತು?" ಅಂದ. ಬೇಕಾದಷ್ಟು ಉಳಿದಿದೆ ಅಂದೆ. ಆಮೇಲೆ ಮಾತಾಡಲಿಲ್ಲ. ನಿನ್ನ ತಂತಿ ಅಂದು ಸಂಜೆ ಬಂತು.

ಇವತ್ತು ಬೆಳಿಗ್ಗೆಯಿಂದ ಊರು ನನ್ನ ಬಾಗಿಲಿಗೆ ಬರುತ್ತಿದೆ. ಹಬ್ಬವಲ್ಲವೇ. ಒಬ್ಬೊಬ್ಬರಾಗಿ ಬಂದರು, ಹಲ್ವ ತಂದರು, ಬೇಯಿಸಿದ ಮೊಟ್ಟೆ ತಂದರು, ಬಾಗಿ ನನ್ನ ಕೈಗೆ ಮುತ್ತಿಟ್ಟರು. "ಕ್ಷಮ್ಸು ಗೆನಾ." ಯಾತಕ್ಕೆಂದು ಒಬ್ಬರೂ ಹೇಳಲಿಲ್ಲ, ಹೇಳಬೇಕೆಂದು ಪದ್ಧತಿಯೂ ಇಲ್ಲ. ಕೆಲವರ ಬೂಟು ನನಗೆ ಗುರುತು ಸಿಕ್ಕಿತು. "ಕ್ಷಮಿಸಿದೆ, ದೇವರೂ ಕ್ಷಮಿಸಲಿ" ಅಂದೆ. ಎಲ್ಲರಿಗೂ ಅಂದೆ. ಬಾಯಿಗೆ ರೂಢಿಯಾದ ಮಾತು, ತಾನೇ ಬರುತ್ತದೆ. ಗೆರ್ಗೊವ್ ಕೂಡ ಬಂದ, ಎರಡು ಮೂಟೆ ಹಿಟ್ಟು ಹೊರಿಸಿಕೊಂಡು. ಕೆಟ್ಟ ಕಾಲ ಮುಗಿಯಿತು, ಲೆವ ನಿಂತಿತು ಎಂದು ಈಗ ಟಿವಿಯಲ್ಲಿ ದಿನವೂ ಹೇಳುತ್ತಾರಂತೆ. ಹಾಗಾಗಿ ಅವನಿಗೆ ಮತ್ತೆ ನಂಬಿಕೆ ಬಂದಿದೆ, ಕಡ ಕೊಡುತ್ತಾನಂತೆ. ಅವನನ್ನೂ ಕ್ಷಮಿಸಿದೆ. ನಾಳೆ ಒಲೆ ಹಚ್ಚುತ್ತೇನೆ, ಈ ಊರಿಗೆ ಬ್ರೆಡ್ಡು ಸುಡುವವರು ಬೇರೆ ಇಲ್ಲ.

ಈಗ ನಿನ್ನ ಮಾತು. ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನಗೂ ಆ ಮಾತು ಹೇಳಬೇಕೆಂದು ಕುಳಿತೆ, ಕೈ ಓಡಲಿಲ್ಲ. ಸಿಟ್ಟಿನಿಂದಲ್ಲ ಕಣೋ. ಅವರೆಲ್ಲ ತಪ್ಪು ಮಾಡಿದವರು, ಕ್ಷಮಿಸಬಹುದು. ನೀನು ಮಾಡಿದ ತಪ್ಪು ಯಾವುದು? ಹೇಳಿಸು ಎಂದು ನಾನು ಬೇಡಿದೆ. ಕಾಲು ಹಿಡಿದಾದರೂ ಹೇಳಿಸು ಅಂದೆ. ನೀನು ಹೋಗಿ ಹೇಳಿಸಿದೆ. ಹೆತ್ತವರ ಮಾತು ಕೇಳದವನು ಜೀವಮಾನದಲ್ಲಿ ಒಂದು ಸಲ ಅಕ್ಕನ ಮಾತು ಕೇಳಿದೆ. ಕ್ಷಮಿಸಲು ನಿನ್ನಲ್ಲಿ ಏನೂ ಇಲ್ಲ, ನಾನು ಹುಡುಕಿ ನೋಡಿದೆ.

ಹಾಗಾಗಿ ನಲವತ್ತನೆಯ ದಿನಕ್ಕೆ ಬರಬೇಡ. ನಿನ್ನ ಮುಖ ಕಂಡರೆ ನಾನು ಬೇಡಿದ್ದು ನೆನಪಾಗುತ್ತದೆ. ಈಸ್ಟರಿಗೂ ಬೇಡ. ಚೆನ್ನಾಗಿ ಉಣ್ಣು, ಕಾಲು ಬೆಚ್ಚಗಿಟ್ಟುಕೋ.

ಅಕ್ಕ
ಗೆನಾ